ಯಂತ್ರ ಕಟ್ಟಿಕೊಂಡ ದಿನ

ನನ್ನ ಎದೆ ಹೊಡೆದುಕೊಳ್ಳುವುದು ಹಿಟ್ಟು ತೊಳಸುವ ಹೊತ್ತಿಗೆ. ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂಭಾಗದಲ್ಲಿ ನಾವು ಮುದ್ದೆ ಊಟದ ಮೆಸ್ಸು ನಡೆಸುತ್ತೇವೆ. ಮಧ್ಯಾಹ್ನ ಜನ ಬರುವುದಕ್ಕೆ ಮುಂಚೆ ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯಬೇಕು, ರಾಗಿ ಹಿಟ್ಟು ಬೀಳಬೇಕು, ಪಾತ್ರೆ ಅಲುಗದಂತೆ ಕವೆಗೋಲಿನಿಂದ ಅದುಮಿ ಹಿಡಿದು ದೊಣ್ಣೆಯಿಂದ ತಿರುವಬೇಕು. ಒಂದು ಗಂಟು ಉಳಿದರೂ ಗಿರಾಕಿ ಮುಖ ಸಿಂಡರಿಸುತ್ತಾನೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಆ ದೊಣ್ಣೆಯನ್ನು ನನ್ನ ಕೈಗೆ ಕೊಟ್ಟರು. ವಾಪಸು ಕೇಳುವ ಯೋಚನೆ ಅವರಿಗೆ ಇವತ್ತಿನವರೆಗೂ ಬಂದಿಲ್ಲ.

ತಿರುವುತ್ತಿರುವಾಗ ಎದೆಯೊಳಗೆ ಒಂದು ಬಡಿತ ತಪ್ಪಿದ ಹಾಗಾಗುತ್ತದೆ. ಆಮೇಲೆ ಹಗ್ಗ ಕಿತ್ತುಕೊಂಡ ಕರುವಿನಂತೆ ಓಟ. ಕತ್ತಿನ ನರ ಪಟಪಟ ಹೊಡೆಯುತ್ತದೆ, ಕೈಯ ಕಸುವು ಇಳಿದುಹೋಗುತ್ತದೆ, ಎದುರಿನ ಗೋಡೆ ಮಬ್ಬಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಬಂದಷ್ಟೇ ತಟ್ಟನೆ ನಿಂತುಬಿಡುತ್ತದೆ. ನಿಂತ ಮೇಲೆ ಯಾರಿಗೆ ಏನು ತೋರಿಸುವುದು?

"ಗ್ಯಾಸು ಕಣೇಳು. ಜೀರಿಗೆ ನೀರು ಕುಡಿ, ಓಯ್ತದೆ" ಎನ್ನುತ್ತಿದ್ದರು ಅತ್ತೆ. ನಮ್ಮ ಮನೆಯಲ್ಲಿ ತಲೆನೋವು, ಬೆನ್ನುನೋವು, ಕೊನೆಗೆ ಬೇಜಾರು ಕೂಡ ಗ್ಯಾಸೇ. ನಾನು ಕುಡಿದಿರುವ ಜೀರಿಗೆ ನೀರಿನಲ್ಲಿ ಒಂದು ತೋಟ ಬೆಳೆಯಬಹುದಿತ್ತು.

ಒಂದು ದಿನ ದೊಣ್ಣೆ ಕೈಜಾರಿ, ನಾನು ಒಲೆಯ ಪಕ್ಕದಲ್ಲೇ ನೆಲಕ್ಕೆ ಕುಸಿದೆ. ಆಗ ನನ್ನ ಗಂಡನಿಗೆ ಗಾಬರಿಯಾಯಿತು. ಆಟೋ ಹತ್ತಿಸಿ ಯಶವಂತಪುರದ ಕಡೆಗೆ ಹೊರಟರು. ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಆ ಓಟ ನಿಂತೇಹೋಯಿತು. ಪೊಲೀಸರನ್ನು ಕಂಡ ಕಳ್ಳನಿಗೂ ಅಷ್ಟು ಚುರುಕಿರುವುದಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಗೆರೆಗಳೆಲ್ಲ ಅಚ್ಚುಕಟ್ಟು.

ಡಾಕ್ಟರು ಒಳ್ಳೆಯವರು, ಕೂರಿಸಿ ಹೇಳಿದರು. "ನೋಡಮ್ಮಾ, ಈ ತರ ಬಡಿತ ಸುಮಾರು ಜನಕ್ಕೆ ಏನೂ ಮಾಡಲ್ಲ. ಕೆಲವರಿಗೆ ಅಪಾಯ. ನಿಮ್ದು ಯಾವುದು ಅಂತ, ಅದು ಓಡ್ತಿರೋವಾಗ ಹಿಡಿದು ನೋಡಿದ್ರೇನೇ ಗೊತ್ತಾಗೋದು." ಅಲ್ಲಿಯವರೆಗೆ ಕಾಫಿ ಬಿಡಬೇಕು. ಬಡಿತ ಬಂದರೆ ಕೆಲಸ ನಿಲ್ಲಿಸಿ ಕೂರಬೇಕು, ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು, ಉಸಿರು ಬಿಗಿಹಿಡಿದು ಹೊಟ್ಟೆ ಬಿಗಿಮಾಡಿ ತಿಣುಕಬೇಕು. ಎದೆನೋವು ಬಂದರೆ, ಎಚ್ಚರ ತಪ್ಪಿದರೆ ತಕ್ಷಣ ಬರಬೇಕು. ನಾನು ಕಾಫಿ ಬಿಟ್ಟೆ. ನನ್ನದು ಅಂತ ಇದ್ದದ್ದು ಅದೊಂದೇ ಲೋಟ.

ಹಿಡಿದು ನೋಡುವುದಕ್ಕೆ ಅಂತ ಎದೆಗೆ ಸ್ಟಿಕ್ಕರ್ ಅಂಟಿಸಿ, ವೈರು ಎಳೆದು, ಸೊಂಟಕ್ಕೆ ಒಂದು ಪುಟ್ಟ ಯಂತ್ರ ಕಟ್ಟಿದರು. ಕಟ್ಟಿದ ಹುಡುಗಿ ಸ್ಪಷ್ಟವಾಗಿ ಹೇಳಿದಳು, "ನಾಳೆ ಇದೇ ಹೊತ್ತಿನವರೆಗೂ ಇರ್ಲಿ ಆಂಟಿ. ಸ್ನಾನ ಒಂದ್ ಬೇಡ. ಮಿಕ್ಕಿದ್ದೆಲ್ಲ ದಿನಾ ಏನ್ ಮಾಡ್ತೀರೋ ಅದನ್ನೇ ಮಾಡಿ. ಎದೆ ಹೊಡ್ಕೊಂಡ್ರೆ ಈ ಬಟನ್ ಒತ್ತಿ."

ವೈರು ನೋಡಿ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಹೆಂಗಸಿನ ಮೈಯನ್ನು ಜೋಪಾನ ಮಾಡುವುದಕ್ಕೆ ನಮ್ಮ ಮನೆಗೆ ಗೊತ್ತಿರುವುದು ಒಂದೇ ದಾರಿ, ಬಾಣಂತನ. ನಾನು ಎರಡನೆಯ ಮಗುವನ್ನು ಹೆತ್ತು ಒಂದು ತಲೆಮಾರೇ ಆಗಿತ್ತು. ಆದರೂ ಒಳಕೋಣೆಯ ಮೂಲೆಯಲ್ಲಿ ಮಂಚ ಹಾಕಿಸಿದರು, ಕಿವಿಗೆ ಗಾಳಿ ಹೋಗದಂತೆ ತಲೆಗೆ ಬಟ್ಟೆ ಕಟ್ಟಿದರು, ಬಿಸಿ ಅನ್ನಕ್ಕೆ ಮೆಣಸಿನ ಸಾರು ಹಾಕಿ ಕೈಗೆ ತಂದುಕೊಟ್ಟರು. ಬಾಣಂತಿಯ ದಿಂಬಿನ ಕೆಳಗೆ ಇಡುವ ಕಬ್ಬಿಣವನ್ನು ಮಾತ್ರ ಯೋಚನೆ ಮಾಡಿ ವಾಪಸು ಒಯ್ದರು. "ಮಿಷನ್ನಿಗೆ ಆಗ್ತದೋ ಇಲ್ವೋ."

"ಅತ್ತೆ, ದಿನದ ಕೆಲಸ ಮಾಡ್ಬೇಕಂತೆ" ಅಂದೆ.

"ಆ ಉಡುಗೀಗೇನ್ ಗೊತ್ತು? ಎದೆಗೆ ಮಿಷನ್ ಕಟ್ಕಂಡು ಯಾರಾದ್ರೂ ದೊಣ್ಣೆ ತಿರುವ್ತಾರಾ? ಸುಮ್ಕೆ ಮನೀಕೋ."

ನನ್ನ ಗಂಡ ಮೆಸ್ಸಿನ ಬಾಗಿಲಿಗೆ ರಜಾ ಬೋರ್ಡು ಹಾಕಿದರು. ಮಾವ ತೀರಿಕೊಂಡಾಗ ಬಿಟ್ಟರೆ ಆ ಬಾಗಿಲು ಮುಚ್ಚಿದ್ದು ನನಗೆ ನೆನಪಿಲ್ಲ. ಅವರು ಆಗಾಗ ಬಂದು ಇಣುಕಿ ನೋಡಿ ಹೋಗುತ್ತಿದ್ದರು. ಒಮ್ಮೆ ಹೊದಿಕೆ ಸರಿಮಾಡಿದರು. ನನಗೆ ಅಳು ಬಂತು, ವೈರು ನೆನೆಯುತ್ತದೇನೋ ಅಂತ ತಡೆದುಕೊಂಡೆ.

ಬಟನ್ನಿನ ಮೇಲೆ ಬೆರಳಿಟ್ಟುಕೊಂಡು ಕಾದೆ. ಬಾರೋ ಮಾರಾಯ, ಇವತ್ತೊಂದು ದಿನ ಬಾ ಅಂತ ಬೇಡಿಕೊಂಡೆ. ಅದು ಬರಲಿಲ್ಲ. ಹಾಲು ಕುಡಿದ ಕೂಸಿನಂತೆ ನನ್ನ ಎದೆ ತಣ್ಣಗೆ ಮಲಗಿತ್ತು. ನನಗೆ ಅದರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕೈಗೆ ಸಿಕ್ಕಿದ್ದರೆ ಎರಡು ಬಾರಿಸುತ್ತಿದ್ದೆ.

ರಿಪೋರ್ಟು ಬಂತು, ನಾರ್ಮಲ್. "ದಿನದ ಕೆಲಸ ಎಲ್ಲ ಮಾಡಿದ್ರಾ?" ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ನನ್ನ ಗಂಡ ಎದೆಯುಬ್ಬಿಸಿ, "ಒಂದು ಹುಲ್ಲುಕಡ್ಡಿ ಎತ್ತಕ್ಕೂ ಬಿಡ್ಲಿಲ್ಲ ಸಾರ್" ಅಂದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇದನ್ನ ನಂಬಕ್ಕಾಗಲ್ಲ. ಇನ್ನೊಂದ್ಸಲ ಕಟ್ಬೇಕು. ಈ ಸಲ ಕೆಲಸ ಮಾಡ್ಲಿ."

ನನ್ನ ಗಂಡನ ಕಿವಿ ನಾರ್ಮಲ್ ಎಂಬಲ್ಲಿಗೇ ತುಂಬಿಹೋಗಿತ್ತು. ದಾರಿಯಲ್ಲಿ ಬೇಕರಿಯ ಮುಂದೆ ಆಟೋ ನಿಲ್ಲಿಸಿ ದಿಲ್‌ಪಸಂದ್ ಕಟ್ಟಿಸಿಕೊಂಡರು. ಅತ್ತೆ ರಿಪೋರ್ಟಿಗೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಅವರಿಬ್ಬರ ಖುಷಿ ನಿಜವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಮಾರನೆಯ ದಿನವೇ ಪಾತ್ರೆಯ ಮುಂದೆ ಬಡಿತ ಬಂತು. ಸಂಜೆ ಕೇಳಿದೆ, "ರೀ, ಮತ್ತೆ ಕಟ್ಬೇಕು ಅಂದ್ರಲ್ಲ ಡಾಕ್ಟ್ರು."

"ಇನ್ನೊಂದಿನ ಮೆಸ್ ಮುಚ್ಚಕ್ಕಾಗುತ್ತೇನೇ? ಎದುರುಗಡೆ ಮೆಸ್ಸಿನವನ ಹತ್ರ ಹೋದ ಗಿರಾಕಿ ವಾಪಸ್ ಬರ್ತಾನಾ?"

"ಮುಚ್ಚೋದು ಬೇಡ. ನಾನು ಕೆಲಸ ಮಾಡ್ತಿರ್ಬೇಕು, ಮಿಷನ್ ಅದನ್ನ ನೋಡ್ತಿರ್ಬೇಕು. ಅವರು ಹೇಳಿದ್ದೇ ಅದು."

ಅವರ ಮುಖ ಕೆಂಪಾಯಿತು. "ಮಿಷನ್ ಕಟ್ಕೊಂಡಿರೋ ಹೆಂಡ್ತಿ ಕೈಲಿ ಹಿಟ್ಟು ತಿರುವಿಸ್ತಾನೆ ಅಂತ ಜನ ನನ್ ಮುಖಕ್ಕೆ ಉಗೀಬೇಕಾ? ಅಂಥ ಕಟುಕ ಅಲ್ಲ ಕಣೇ ನಾನು."

ಅಲ್ಲ, ಅವರು ಕಟುಕರಲ್ಲ. ಅದಕ್ಕೇ ನನಗೆ ಯಾವ ದಾರಿಯೂ ಕಾಣುವುದಿಲ್ಲ. ಯಂತ್ರವಿದ್ದರೆ ನಾನು ದೊಣ್ಣೆ ಮುಟ್ಟುವಂತಿಲ್ಲ, ದೊಣ್ಣೆ ಹಿಡಿದಿರುವಾಗ ಯಂತ್ರ ಕಟ್ಟುವಂತಿಲ್ಲ. ಅಪಾಯದ್ದೋ, ಅಲ್ಲದ್ದೋ, ನನ್ನ ಬಡಿತ ಹೀಗೇ ಯಾರ ಕೈಗೂ ಸಿಗದೆ ಓಡಿಕೊಂಡಿರುತ್ತದೆ. ಒಂದು ದಿನ ಸಿಕ್ಕರೂ, ಅದನ್ನು ತಿಳಿದುಕೊಳ್ಳಲು ನಾನಿರುತ್ತೇನೋ ಇಲ್ಲವೋ.

ನಿನ್ನೆ ಮತ್ತೆ ಬಂತು, ಈ ಸಲ ಬೇಗ ಬಿಡಲಿಲ್ಲ. ತಣ್ಣೀರು ಹಾಕಿಕೊಂಡೆ, ಉಸಿರು ಬಿಗಿಹಿಡಿದೆ. ಗೋಡೆಗೆ ಒರಗಿ ಕೂತು, "ಅತ್ತೆ, ಬಂತು" ಅಂದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ದೇವರ ಗೂಡಿನ ಕಡೆ ಗದ್ದ ಎತ್ತಿ ತೋರಿಸಿದರು. "ಏನೂ ಇಲ್ಲ ಅಂತ ಅವ್ರೇ ಬರ್ಕೊಟ್ಟವ್ರಲ್ಲ. ಗ್ಯಾಸು."

ಅವತ್ತು ಯಂತ್ರ ಸುಳ್ಳು ಹೇಳಿರಲಿಲ್ಲ. ಈ ಹೆಂಗಸನ್ನು ಒಂದು ದಿನ ಕೂರಿಸಿದರೆ ಇವಳಿಗೆ ಏನೂ ಇಲ್ಲ ಎಂದು ಗೆರೆಗೆರೆಯಾಗಿ ಬರೆದುಕೊಟ್ಟಿತ್ತು. ಅದಕ್ಕೆ ಕುಂಕುಮ ಹಚ್ಚಿದೆವು.

"ಹಿಟ್ಟಾಯ್ತಾ?" ಹೊರಗಿನಿಂದ ನನ್ನ ಗಂಡ ಕೂಗಿದರು. ಜನ ಎಲೆಯ ಮುಂದೆ ಕೂತಾಗಿತ್ತು. ಎದ್ದು ಕವೆಗೋಲು ಹಿಡಿದೆ.