ಇನ್ಷಿರಾಹರ ಬುಷ್, ಹಾಜಿಯ ಎಣ್ಣೆ

ಬೆಳಗಿನ ಐದೂವರೆ. ಅಮ್ಮಾನಿನ ಬಯಾದರ್ ಬಡಾವಣೆಯ ಗ್ಯಾರೇಜುಗಳ ಶಟರುಗಳು ಇನ್ನೂ ಮೇಲೆದ್ದಿಲ್ಲ. ಕೊನೆಯ ಓಣಿಯ ನೆಲಮಾಳಿಗೆಯೊಂದರಿಂದ ಮಾತ್ರ ‘ಟಪ್’ ಎಂದು ಸದ್ದು ಬರುತ್ತಿದೆ. ಐವತ್ನಾಲ್ಕರ ಇನ್ಷಿರಾಹ್ ದಪ್ಪ ಕೈಗವಸು ತೊಟ್ಟು ಬಿಸಿ ಅಚ್ಚನ್ನು ಮಗುಚಿ ಮರದ ಮೇಜಿಗೆ ಒಂದೇ ಏಟು ಹಾಕುತ್ತಾರೆ. ಬೆರಳಿನ ಗೆಣ್ಣಿನಷ್ಟೇ ಇರುವ ಎಂಟು ಕಪ್ಪು ರಬ್ಬರ್ ಕೊಳವೆಗಳು ಉದುರುತ್ತವೆ. ಒಂದನ್ನು ಎತ್ತಿಕೊಂಡು, ಊದಿ ತಣಿಸಿ, ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ.

“ಶುರುವಾಯ್ತು ನೋಡಿ ಇವಳ ಬೆಳಗಿನ ತಿಂಡಿ,” ಎನ್ನುತ್ತಾರೆ ಮೂಲೆಯಲ್ಲಿ ಚಹಾ ಕಾಯಿಸುತ್ತಿರುವ ಗಂಡ ಮಿಫ್ಲಿಹ್.

“ನಿಮ್ಮ ಅಡುಗೆಗಿಂತ ಮೆತ್ತಗಿದೆ ಬಿಡಿ,” ಎಂದು ಇನ್ಷಿರಾಹ್ ಆ ತುಂಡನ್ನು ಡಬ್ಬಕ್ಕೆ ಎಸೆಯುತ್ತಾರೆ.

ಇದು ಕಾರಿನ ಡಿಸ್ಕ್ ಬ್ರೇಕಿನೊಳಗೆ ಕೂರುವ ಬುಷ್. ಚಕ್ರದ ತಟ್ಟೆಯನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಿನ್ನಿಗೆ ಈ ರಬ್ಬರ್ ಅಂಗಿ ತೊಡಿಸದಿದ್ದರೆ ಹಳ್ಳದಿಣ್ಣೆಯಲ್ಲೆಲ್ಲ ಅದು ಕಟಕಟ ಎನ್ನುತ್ತದೆ. ಅಂಗಿ ಬಿಗಿಯಾದರೆ ಪಿನ್ ಸಿಕ್ಕಿಕೊಂಡು, ಚಕ್ರ ಕಾದು ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಬೆಟ್ಟಗಳ ಮೇಲೆ ಹರಡಿಕೊಂಡ ಈ ಊರಿನಲ್ಲಿ ಅದು ಹುಡುಗಾಟದ ಮಾತಲ್ಲ. ಆದರೂ ಪಕ್ಕದ ಸಾಲ್ಟ್ ಪಟ್ಟಣದ ಇಳಿಜಾರಿನಲ್ಲಿ ದಿನವೂ ಓಡಾಡುವವರಲ್ಲಿ ಇದರ ಹೆಸರು ಬಲ್ಲವರು ಹುಡುಕಿದರೂ ಸಿಗುವುದಿಲ್ಲ.

ದಿನಕ್ಕೆ ಹದಿನೈದು ಸಲ ಅಚ್ಚು ತುಂಬುತ್ತಾರೆ, ನೂರಿಪ್ಪತ್ತು ಬುಷ್ ಇಳಿಯುತ್ತವೆ. ಪ್ರತಿ ತುಂಡಿಗೂ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದ ನಾಲ್ಕು ಗ್ರಾಂ ರಬ್ಬರ್, ಹನ್ನೆರಡು ನಿಮಿಷದ ಬೇಯುವಿಕೆ. ಹತ್ತು ಹನ್ನೆರಡು ಇವರ ಹಲ್ಲಿಗೆ ಒಪ್ಪದೆ ಕಸಕ್ಕೆ ಹೋಗುತ್ತವೆ. ಆದರೆ ಇವತ್ತು ಮಾಡಿದ್ದನ್ನು ಕೊಳ್ಳುವವರು ಇದ್ದಾರೋ ಇಲ್ಲವೋ ಎಂಬುದೇ ತಿಳಿಯದು. ಈ ಎರಡು ವಾರದಲ್ಲಿ ಹನ್ನೊಂದು ಅಂಗಡಿಯವರು ಇವರ ಡಬ್ಬಗಳನ್ನು ವಾಪಸು ಕಳಿಸಿದ್ದಾರೆ. ಅವೆಲ್ಲ ಗೋಡೆಗೆ ಒರಗಿ ಸಾಲಾಗಿ ಕುಳಿತಿವೆ.

ಮಿಫ್ಲಿಹ್ ಹನ್ನೆರಡು ವರ್ಷದ ಹಿಂದೆ ಸಾಲ್ಟ್ ದಾರಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು. ಮುಂದಿನ ಚಕ್ರ ಕಟಕಟ ಎನ್ನುತ್ತಿತ್ತು, ಹೊರದೇಶದ ಬುಷ್ ಬರಲು ಎರಡು ತಿಂಗಳು ಎಂದರು ಅಂಗಡಿಯವರು. ಇನ್ಷಿರಾಹರ ಅಣ್ಣ ಈದ್ ಹಬ್ಬದ ಖರ್ಜೂರದ ಬಿಸ್ಕತ್ತಿಗೆ ಮರದ ಅಚ್ಚು ಕೆತ್ತುವವರು. ತಂಗಿ ಹಳೆಯ ಬುಷ್ ಒಂದನ್ನು ಅವರ ಮುಂದಿಟ್ಟು, “ಅಣ್ಣ, ಹೂವು ಬೇಡ, ಒಳಗಡೆ ಹಿಂಗೆ ಆರು ಗೀರು ಬೇಕು,” ಎಂದರಂತೆ. ಆ ಮರದ ಮಾದರಿಯಿಂದ ಲೋಹದ ಅಚ್ಚು ಎರಕವಾಯಿತು. ಮೊದಲ ವರ್ಷವಿಡೀ ರಬ್ಬರ್ ಸೀದು ಹೊಗೆ ಎದ್ದದ್ದೇ ಬಂತು. ನೆರೆಮನೆಯವರು ಜಗಳಕ್ಕೆ ಬಂದರು, ಎಡಗೈಯ ಮೂರು ಬೆರಳು ಸುಟ್ಟವು. ಆ ಕಲೆಗಳನ್ನು ಇನ್ಷಿರಾಹ್ ನಗುತ್ತಲೇ ತೋರಿಸುತ್ತಾರೆ: “ಬಳೆ ಹಾಕ್ಕೊಂಡವರು ಬಳೆ ತೋರಿಸ್ತಾರೆ. ನಾನು ಇದನ್ನ ತೋರಿಸ್ತೀನಿ.”

ಒಂಬತ್ತು ವರ್ಷದಿಂದ ಇವರ ಬುಷ್ ಕೊಳ್ಳುವವರಲ್ಲಿ ಹಾಜಿ ಜುಹ್ದಿ ಮೇಸ್ತ್ರಿಯೇ ಮುಖ್ಯರು. ಬಜಾರಿನ ಅರ್ಧಕ್ಕರ್ಧ ಮೆಕ್ಯಾನಿಕ್ಕುಗಳು ಅವರ ಕೈಕೆಳಗೆ ಕಲಿತವರು. ಅವರು ಸರಿ ಎಂದರೆ ಸರಿ, ಇಲ್ಲವೆಂದರೆ ಇಲ್ಲ. ಅಂಥವರು ಎರಡು ವಾರದ ಹಿಂದೆ ಬಜಾರಿನ ನಟ್ಟನಡುವೆ ನಿಂತು, “ಐದು ಕಾರು ವಾಪಸು ಬಂದಿವೆ. ಪಿನ್ ಜಾಮ್ ಆಗಿ ಚಕ್ರ ಬೆಂಕಿಯಾಗಿದೆ. ಆ ಹೆಂಗಸಿನ ರಬ್ಬರ್ ಊದಿಕೊಳ್ತಿದೆ!” ಎಂದುಬಿಟ್ಟರು. ಒಂದೇ ಮಾತಿಗೆ ಹನ್ನೊಂದು ಅಂಗಡಿಗಳು ಇವರ ಬುಷ್‌ಗೆ ಬಾಗಿಲು ಮುಚ್ಚಿದವು.

ಇನ್ಷಿರಾಹ್ ಅತ್ತು ಕೂರಲಿಲ್ಲ. ಕೆಟ್ಟ ಬುಷ್ ಒಂದನ್ನು ತರಿಸಿ ಮುಟ್ಟಿ ನೋಡಿದರು, ನಿಜವಾಗಿಯೂ ಊದಿತ್ತು. ಮೂಗಿನ ಬಳಿ ಹಿಡಿದರು. ಹಿಡಿದವರೇ ಬಿದ್ದು ಬಿದ್ದು ನಕ್ಕರು.

“ಆಲಿವ್ ಎಣ್ಣೆ! ಅದೂ ಈ ವರ್ಷದ್ದು, ಗಾಣದಿಂದ ಇಳಿದು ಹತ್ತು ದಿನವೂ ಆಗಿರಲಿಲ್ಲ. ಆ ವಾಸನೆ ನಮ್ಮಲ್ಲಿ ಹಸುಗೂಸಿಗೂ ಗೊತ್ತು.”

ಹಾಜಿಯ ಊರು ಅಜ್ಲೂನ್. ಅಲ್ಲಿ ಅವರದೇ ಮರಗಳಿವೆ. ಕೆಮ್ಮಿಗೂ ಅದೇ ಎಣ್ಣೆ, ಕೀಲುನೋವಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಪಿನ್ನಿಗೆ ಹಚ್ಚುವ ಸಿಲಿಕಾನ್ ಗ್ರೀಸ್ ಮುಗಿದ ದಿನವೇ ಊರಿನಿಂದ ಹೊಸ ಎಣ್ಣೆಯ ಡಬ್ಬ ಬಂದಿತ್ತು, ಹಾಜಿ ಅದನ್ನೇ ಪಿನ್ನುಗಳಿಗೆ ಸವರಿದ್ದರು. ಈ ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ, ಕುಡಿದು ಊದಿಕೊಳ್ಳುತ್ತದೆ.

“ಹೋಗಿ ಮುಖಕ್ಕೆ ಹೇಳಿಬಿಡು ಅಂದೆ,” ಎನ್ನುತ್ತಾರೆ ಮಿಫ್ಲಿಹ್.

“ಹೇಗೆ ಹೇಳೋದು? ಅರವತ್ತೆಂಟರ ಮನುಷ್ಯ. ಶಿಷ್ಯರ ಮುಂದೆ ‘ನಿಮ್ಮ ಎಣ್ಣೆಯದೇ ತಪ್ಪು’ ಅಂದ್ರೆ ನಾನು ಗೆದ್ದೆ ಅಂತಾಗ್ತಿತ್ತು, ಅಷ್ಟೇ. ಅವರು ತಲೆ ಎತ್ತಿ ನಡೆಯೋ ಹಾಗಿರಲಿಲ್ಲ.”

ಹೋದ ಗುರುವಾರ ಇಬ್ಬರೂ ಹಾಜಿಯ ಗ್ಯಾರೇಜಿಗೆ ಹೋದರು. ಹಾಜಿ ಮುಖ ಗಂಟಿಕ್ಕಿಕೊಂಡೇ ಕಾಫಿ ಕೊಟ್ಟರು. ಇನ್ಷಿರಾಹ್ ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. ಕೆಲಸ ಮಾಡುತ್ತಿದ್ದವರ ಸ್ಪ್ಯಾನರುಗಳೆಲ್ಲ ನಿಂತವು. ಇಲ್ಲಿಯ ಪದ್ಧತಿಯಂತೆ ಬಂದವರು ಕಾಫಿ ಕುಡಿಯದೆ ಕೂತರೆ ಮನೆಯ ಯಜಮಾನ ಅವರ ಕೋರಿಕೆ ನಡೆಸಿಕೊಡಲೇಬೇಕು.

“ಕುಡಿಯಮ್ಮ, ಏನು ಕೇಳಿದ್ರೂ ಕೊಟ್ಟೆ,” ಎಂದರು ಹಾಜಿ.

“ಎರಡು ಚಹಾದ ಲೋಟ ಕೊಡಿ ಹಾಜಿ. ಒಂದರಲ್ಲಿ ನಾನು ತಂದ ಗ್ರೀಸು, ಇನ್ನೊಂದರಲ್ಲಿ ನಿಮ್ಮ ಮನಸ್ಸಿಗೆ ಬಂದದ್ದು ಹಾಕಿ. ಎರಡರಲ್ಲೂ ನನ್ನ ಒಂದೊಂದು ಬುಷ್ ಇರಲಿ. ನಿಮ್ಮ ಹೀಟರ್ ಪಕ್ಕ ಒಂದು ವಾರ ಬಿಡಿ. ನೀವೊಬ್ಬರೇ ನೋಡಿ. ಆಮೇಲೆ ಏನು ಹೇಳ್ತೀರೋ ಅದಕ್ಕೆ ನಾನು ಬದ್ಧ.”

ಹಾಜಿ ಅವರನ್ನೇ ದಿಟ್ಟಿಸಿದರು. ಏನೋ ಹೊಳೆದಿರಬೇಕು. ತಲೆಯಾಡಿಸಿ ಒಪ್ಪಿದರು. ಇನ್ಷಿರಾಹ್ ಕಾಫಿ ಕುಡಿದರು.

ಇವತ್ತಿಗೆ ವಾರ ತುಂಬಿತು. ಅಚ್ಚು ತುಂಬುವ ಕೈಗೆ ಅಂಜಿಕೆ ಇಲ್ಲವೆಂದಲ್ಲ. ಗೊತ್ತಾದ ಮೇಲೂ ಹಾಜಿ ಸುಮ್ಮನೆ ಉಳಿದರೆ ಹನ್ನೆರಡು ವರ್ಷದ ಕೆಲಸ ಮಣ್ಣುಪಾಲು. ಹಾಜಿ ಏನಂದರೂ ಬಾಯಿ ಬಿಡುವುದಿಲ್ಲ ಎಂದು ಇನ್ಷಿರಾಹ್ ತಾವೇ ಹಾಕಿಕೊಂಡ ಕಟ್ಟು ಬೇರೆ. ಹತ್ತು ಗಂಟೆಯಾದರೂ ಓಣಿಯಲ್ಲಿ ಯಾರ ಸುಳಿವೂ ಇಲ್ಲ. “ಬರ್ತಾರೆ,” ಎನ್ನುತ್ತಾರೆ ಇನ್ಷಿರಾಹ್, ಯಾರೂ ಕೇಳದಿದ್ದರೂ.

ಹನ್ನೊಂದಕ್ಕೆ ಗದ್ದಲ ಕೇಳುತ್ತದೆ. ಮುಂದೆ ಹಾಜಿ ಜುಹ್ದಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಲೋಟ. ಹಿಂದೆ ಅಂಗಡಿಯವರ, ಮೆಕ್ಯಾನಿಕ್ಕುಗಳ ಮೆರವಣಿಗೆ. ಒಂದು ಲೋಟದ ಬುಷ್ ಇದ್ದ ಹಾಗೇ ಇದೆ. ಇನ್ನೊಂದರದು ಉಬ್ಬಿದೆ.

“ನೋಡಮ್ಮ, ನನ್ನ ಎಣ್ಣೆ ಕುಡಿದು ದಪ್ಪ ಆಗಿದೆ!” ಎಂದು ಹಾಜಿ ಗಟ್ಟಿಯಾಗಿ ನಗುತ್ತಾರೆ. “ನನ್ನ ಮೊಮ್ಮಕ್ಕಳೂ ಹಿಂಗೇ ಆಗಿರೋದು. ಹನ್ನೊಂದು ಅಂಗಡಿಗೂ ಹೋಗಿ ಬಂದೆ. ತಪ್ಪು ಜುಹ್ದಿಯದು, ರಬ್ಬರಿನದಲ್ಲ ಅಂತ ಪ್ರತಿ ಬಾಗಿಲಲ್ಲೂ ಹೇಳಿದೆ. ಐದು ಕಾರಿಗೂ ನಾನೇ ಹೊಸದು ಹಾಕಿಕೊಡ್ತೀನಿ.”

“ಹಾಜಿ, ನೀವೊಬ್ಬರೇ ನೋಡಿ ಅಂದಿದ್ದೆನಲ್ಲ,” ಎನ್ನುತ್ತಾರೆ ಇನ್ಷಿರಾಹ್. ಕಣ್ಣುಗಳು ತುಂಬಿವೆ.

“ಒಬ್ಬನೇ ನೋಡಿದೆ. ಆದರೆ ಬೈದದ್ದು ಬಜಾರಲ್ಲಿ ತಾನೇ?”

ನಗು, ಕೇಕೆ. ಯಾರೋ ಬಕ್ಲಾವ ಸಿಹಿಯ ಪೊಟ್ಟಣ ಬಿಚ್ಚುತ್ತಾರೆ. ಗೋಡೆಗೆ ಒರಗಿದ್ದ ಡಬ್ಬಗಳನ್ನು ಅಂಗಡಿಯವರು ತಮ್ಮ ತಮ್ಮದೆಂದು ಎತ್ತಿಕೊಳ್ಳುತ್ತಾರೆ. ಕಾಲು ಗಂಟೆಯಲ್ಲಿ ಗೋಡೆ ಬರಿದಾಗುತ್ತದೆ.

ಎಲ್ಲರೂ ಹೋದ ಮೇಲೆ ಇನ್ಷಿರಾಹ್ ಕೈಗವಸು ತೊಡುತ್ತಾರೆ. ಇನ್ನು ಆಸೆ ಏನು ಎಂದು ಕೇಳಿದರೆ ಅಚ್ಚು ತುಂಬುತ್ತಲೇ ಹೇಳುತ್ತಾರೆ.

“ನನ್ನ ಬುಷ್ ಚೆನ್ನಾಗಿದೆ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಈ ವಯಸ್ಸಲ್ಲಿ ಹಾಜಿ ಹನ್ನೊಂದು ಬಾಗಿಲಿಗೆ ನಡೆದುಹೋಗಿ ತಪ್ಪು ನಂದು ಅಂದ್ರಲ್ಲ, ಅಂಥವರ ಕೈಗೆ ನನ್ನ ರಬ್ಬರ್ ಹೋಗ್ತಿದೆ. ಇನ್ನೇನು ಬೇಕು?”