ಹೆತ್ತ ಮಗನ ಮೇಲೆ ಸಾಕ್ಷಿ ಹೇಳಿದ ನಿಂಗಮ್ಮ

ಹುತ್ರಿದುರ್ಗದ ಸುತ್ತಮುತ್ತ ಬರೆ ಹಾಕುವ ನಿಂಗಮ್ಮ ಎಂದರೆ ಎಲ್ಲರಿಗೂ ಗೊತ್ತು. ಕೂಸಿಗೆ ಕಾಮಾಲೆಯಾದರೆ ಕಾದ ಅರಿಶಿನ ಕೊಂಬನ್ನು ರಟ್ಟೆಗೆ ಮುಟ್ಟಿಸುತ್ತಿದ್ದಳು. ಅದೇ ಔಷಧಿಯೆಂದು ಅವಳೂ ನಂಬಿದ್ದಳು, ಊರೂ ನಂಬಿತ್ತು. ಅಂಥವಳು ೧೯೭೯ರಲ್ಲಿ ಹೆತ್ತ ಮಗನ ಮೇಲೆಯೇ ದೂರು ಕೊಡಲು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದಳು. ಮೀಸೆ ತಿರುವುವ ಎಷ್ಟು ಗಂಡಸರಿಗೆ ಆ ಎದೆಗಾರಿಕೆ ಇದೆ, ಹೇಳಿ ನೋಡೋಣ!

ಆದದ್ದಿಷ್ಟು. ಒಂಬತ್ತು ವರ್ಷದ ಮೊಮ್ಮಗಳು ಹೊಂಬಾಳೆ ದನ ಕಾಯಲು ಹೋದವಳು ಆಟಕ್ಕೆ ಬಿದ್ದಳು. ಹಸು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿತು. ಅವಳಪ್ಪ ಚೌಡಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಕುಡುಗೋಲು ಕಾಯಿಸಿ ಮಗಳ ಎರಡೂ ಮೀನಖಂಡಕ್ಕೆ ಬರೆ ಎಳೆದ.

"ಇನ್ಮೇಲೆ ಗ್ಯಾನ ಇರ್ತದೆ ಬುಡು" ಎಂದ.

ನಿಂಗಮ್ಮ ಮೊಮ್ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಕುಣಿಗಲ್ಲಿನಲ್ಲಿ ಮೊದಲು ಆಸ್ಪತ್ರೆ, ಆಮೇಲೆ ಸ್ಟೇಷನ್.

"ಅಪ್ಪ ಮಗಳಿಗೆ ಹೊಡೆದ್ರೆ ಅದಕ್ಕೂ ಕೇಸಾ ಅಜ್ಜಿ?" ಎಂದರು ದಫೇದಾರರು.

"ಎರಡೇಟು ಹಾಕಿದ್ರೆ ನಾನ್ಯಾಕ್ ಬರ್ತಿದ್ದೆ ಸ್ವಾಮಿ? ಸುಟ್ಟವ್ನೆ. ನೀವು ಬುಟ್ರೆ ನಾಳೀಕೂ ಸುಡ್ತಾನೆ."

ಕಾದ ವಸ್ತುವಿನಿಂದ ಗಾಯ ಮಾಡಿದರೆ ಮುನ್ನೂರ ಇಪ್ಪತ್ತನಾಲ್ಕನೇ ಸೆಕ್ಷನ್, ಅಪ್ಪನಾದರೂ ಅಷ್ಟೇ ಎಂದು ಸಬ್ ಇನ್ಸ್‌ಪೆಕ್ಟರು ದೂರು ಬರೆಸಿಕೊಂಡರು.

ಕೋರ್ಟಿನಲ್ಲಿ ಚೌಡಪ್ಪನ ವಕೀಲರು ಬುಡಕ್ಕೇ ಕೊಡಲಿ ಹಾಕಿದರು.

"ಏನಮ್ಮ, ನೀನು ಎಷ್ಟು ಕೂಸಿಗೆ ಬರೆ ಹಾಕಿದೀಯ? ಈ ಮಗನಿಗೂ ಹಾಕಿಲ್ವಾ?"

ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ಕೇಸು ಬಿದ್ದುಹೋಗಿ ಹೊಂಬಾಳೆ ಮತ್ತೆ ಅದೇ ಕೈಗೆ ಸಿಕ್ಕಾಳೆಂಬ ಭಯ. ನಿಂಗಮ್ಮ ಕಟಕಟೆಯನ್ನು ಗಟ್ಟಿಯಾಗಿ ಹಿಡಿದಳು.

"ಹಾಕಿದೀನಿ ಸ್ವಾಮಿ, ಲೆಕ್ಕ ಇಲ್ಲ. ಇವನು ಆರು ತಿಂಗಳ ಕೂಸಾಗಿದ್ದಾಗ ನಾನೇ ಹಾಕ್ದೆ. ಕಿರುಚ್ಕೊಂಡಿದ್ದು ಈಗ್ಲೂ ಕಿವೀಲೈತೆ. ನಂದೂ ತಪ್ಪೇ ಅಂತ ಬರ್ಕೊಳ್ಳಿ, ಶಿಕ್ಷೆ ಇದ್ರೆ ಕೊಡಿ. ಅದಕ್ಕಂತ ಇವನನ್ನ ಬುಡಬ್ಯಾಡಿ."

ಊರಿನವರೆಲ್ಲ ಅಲ್ಲೇ ಕೂತಿದ್ದರು. ಅವರೆದುರಿಗೇ ಮೂವತ್ತು ವರ್ಷದ ಹೆಸರನ್ನು ತಾನೇ ಮಣ್ಣುಪಾಲು ಮಾಡಿಕೊಂಡಳು ಪುಣ್ಯಾತ್ಗಿತ್ತಿ. ನಿಜವಾಗಿ ಅವಳು ಹೆಸರು ಗಳಿಸಿದ್ದು ಅವತ್ತೇ.

ಮಕ್ಕಳನ್ನು ತಿದ್ದುವ ಹಕ್ಕು ತಂದೆಗಿದೆ, ಸುಡುವ ಹಕ್ಕಿಲ್ಲ ಎಂದರು ಮ್ಯಾಜಿಸ್ಟ್ರೇಟರು. ಇನ್ನೊಮ್ಮೆ ಹೀಗಾದರೆ ಜೈಲೇ ಗತಿ ಎಂದು ಚೌಡಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ನಿಂಗಮ್ಮನೂ ಆಮೇಲೆ ಯಾವ ಕೂಸಿಗೂ ಬರೆ ಹಾಕಲಿಲ್ಲ. ಬಂದವರಿಗೆಲ್ಲ ಆಸ್ಪತ್ರೆಯ ದಾರಿ ತೋರಿಸಿದಳು.

ಚೌಡಪ್ಪ ಎಂಟು ವರ್ಷ ತಾಯಿಯನ್ನು ಮಾತಾಡಿಸಲಿಲ್ಲ. ಅದಕ್ಕೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದುಂಟು, ಸುಳ್ಳೇಕೆ? ಆದರೆ ಹೊಂಬಾಳೆಯ ಮೈಮೇಲಾಗಲಿ, ಅವನಿಗೆ ಆಮೇಲೆ ಹುಟ್ಟಿದ ಇಬ್ಬರ ಮೈಮೇಲಾಗಲಿ, ಮತ್ತೊಂದು ಬರೆ ಬೀಳಲಿಲ್ಲ.