ಫ್ರಿಜ್ಜಿನ ಪ್ಲಗ್ಗು ಕಿತ್ತ ಮಧ್ಯಾಹ್ನ

ಆ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿದ್ದವರು ಐದು ಜನ: ಅಲಸಂದೆ ಹೆಚ್ಚುತ್ತಿದ್ದ ನನ್ನ ಹೆಂಡತಿ, ಗಿಟಾರು ಬಾರಿಸಿ ಹಾಡುವ ನನ್ನ ಅಕ್ಕನ ಮಗಳು ವೀಣಾ, ಅವಳ ಬ್ಯಾಂಡಿನ ಡ್ರಮ್ಮಿಗ ಗಣೇಶ, ಬೇಸ್ ಗಿಟಾರಿನ ದಿನಕರ ಮಾಷ್ಟ್ರು, ಮತ್ತು ಯಾರೂ ಕರೆಯದಿದ್ದರೂ ಎಲ್ಲ ಕಡೆ ಹಾಜರಿರುವ ನಾನು. ಆರನೆಯದಾಗಿ ಮೂಲೆಯಲ್ಲಿ ನಮ್ಮ ಮುದಿ ಫ್ರಿಜ್ಜು ನಿಂತಿತ್ತು. ಅದು ಬದುಕಿದೆ ಎಂಬುದನ್ನು ಅದರ ತಂಪಿಗಿಂತ ಹೆಚ್ಚಾಗಿ ಅದರ ಗೊಣಗಾಟದಿಂದಲೇ ನಾವು ತಿಳಿದುಕೊಳ್ಳುತ್ತಿದ್ದೆವು. ವೀಣಾ ನೆಟ್ಟಗೆ ಅದರ ಹತ್ತಿರ ಹೋಗಿ, ಒಂದು ಮಾತೂ ಕೇಳದೆ, ಅದರ ಪ್ಲಗ್ಗನ್ನು ಕಿತ್ತು ನೆಲಕ್ಕೆ ಬಿಟ್ಟಳು. ಗುಂಯ್ ಎನ್ನುತ್ತಿದ್ದ ಮನೆ ಒಮ್ಮೆ ಮೈ ಕೊಡವಿದಂತಾಗಿ ಸುಮ್ಮನಾಯಿತು.

"ಹ್ವಾಯ್ ಹೆಣ್ಣೆ, ಒಳ್ಗೆ ಮೀನಿತ್ತ್!" ಎಂದು ನನ್ನವಳು ಚೀರಿದಳು. "ಈ ಮಳಿಗಾಲ್ದಗೆ ಎಷ್ಟ್ ಕಷ್ಟದಗೆ ಸಿಕ್ಕದ್ದ್ ಗೊತ್ತಿತ್ತಾ? ಹಾಳಾರೆ ಆ ಡ್ರಮ್ಮಿನೊಳ್ಗೇ ಹಾಕ್ತೆ."

"ಒಂಚೂರ್ ಹೊತ್ತ್ ಅಷ್ಟೆ ಅತ್ತೆ. ಫ್ರಿಜ್ಜಿನ ಬಾಗ್ಲ್ ತೆಗೀಬೇಡಿ. ಕೂಕಣಿ," ಎಂದು ವೀಣಾ ಅವಳಿಗೆ ಕೂರಲು ಮಣೆ ಸರಿಸಿದಳು.

ಒಂದು ರಾಕ್ ಬ್ಯಾಂಡಿನವರು ನನ್ನ ಮನೆಯ ಫ್ರಿಜ್ಜಿನ ಮೇಲೆ ಸೇಡು ತೀರಿಸಿಕೊಳ್ಳುವಂಥದ್ದು ಏನಾಗಿತ್ತು ಎಂದು ನೀವು ಕೇಳುತ್ತೀರಿ. ಅದಕ್ಕೆ ನಾನು ನಿಮ್ಮನ್ನು ಗಂಗೊಳ್ಳಿ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿಗೆ ಕರೆದುಕೊಂಡು ಹೋಗಬೇಕು.

ಈ ಮೂವರ ಬ್ಯಾಂಡಿನ ಹೆಸರು 'ಬೊಬ್ಬೆ'. ಅವರು ಸಿನಿಮಾ ಹಾಡು ಹಾಡುವುದಿಲ್ಲ, ಇನ್ನೊಬ್ಬರ ಹಾಡು ಮುಟ್ಟುವುದಿಲ್ಲ, ತಾವೇ ಕಟ್ಟಿದ್ದನ್ನು ತಾವೇ ಬಾರಿಸುತ್ತಾರೆ. ಅದರಲ್ಲಿ ಪಲ್ಲವಿ ಯಾವುದು ಚರಣ ಯಾವುದು ಎಂದು ಹುಡುಕಹೊರಟರೆ ಮಳೆಗಾಲದ ಗದ್ದೆಯಲ್ಲಿ ಕಳೆದ ಚಪ್ಪಲಿ ಹುಡುಕಿದಂತೆ. ಇಂಥದ್ದನ್ನು ಅಭ್ಯಾಸ ಮಾಡಲು ಊರಿನಲ್ಲಿ ಯಾರು ಜಾಗ ಕೊಡುತ್ತಾರೆ? ಅಕ್ಕನ ಮನೆಯಲ್ಲಿ ಅಕ್ಕಪಕ್ಕದವರು ಎರಡನೆಯ ದಿನವೇ ಬಾಗಿಲು ತಟ್ಟಿದ್ದರು. ಕೊನೆಗೆ ಭಾವನ ಪರಿಚಯದವರೊಬ್ಬರ ಐಸ್ ಪ್ಲಾಂಟಿನ ಹಿಂದಿನ ಗೋದಾಮು ಸಿಕ್ಕಿತು. ಅಲ್ಲಿ ಗಲಾಟೆ ಎಂದು ದೂರುವವರೇ ಇಲ್ಲ, ಏಕೆಂದರೆ ಆಗಲೇ ಅಲ್ಲಿ ಬೇಕಾದಷ್ಟು ಗಲಾಟೆಯಿತ್ತು. ಗೋಡೆಯ ಆಚೆ ಕಂಪ್ರೆಸರು ಹಗಲಿರುಳೂ ಗುಂಯ್‌ಗುಡುತ್ತಿತ್ತು. ಅದನ್ನು ಮೀರಿಸಲಾರದೆ ಅವರು ಅರಿವಿಲ್ಲದೆಯೇ ಅದರ ಶ್ರುತಿಗೆ ತಂತಿ ಕೂಡಿಸಿಕೊಂಡರು. ಬರಬರುತ್ತ ಆ ಯಂತ್ರವೇ ಅವರ ತಂಬೂರಿಯಾಯಿತು. ಆದರೆ ಅದು ತಮ್ಮ ತಂಬೂರಿಯಾಗಿದೆ ಎಂಬುದು ಮಾತ್ರ ಮೂವರಿಗೂ ಗೊತ್ತಾಗಲಿಲ್ಲ.

ಅವರು ಮೂರು ವರ್ಷ ತಿದ್ದಿ ತೀಡಿದ ಒಂದು ಹಾಡಿದೆ. ಅದರಲ್ಲಿ ಮಾತೆಂದರೆ ಎರಡೇ. ಮೊದಲು "ಹೋಯ್ಕ್, ಹೋಯ್ಕ್" ಎಂದು, ಎಂದರೆ ಹೋಗಬೇಕು ಹೋಗಬೇಕು ಎಂದು, ವೀಣಾ ಹಾಡುತ್ತ ಹೋದಂತೆ ಡ್ರಮ್ಮೂ ತಂತಿಗಳೂ ಬಸ್ಸು ತಪ್ಪಿಹೋಗುವವರ ಅವಸರದಲ್ಲಿ ಅವಳ ಬೆನ್ನು ಹತ್ತುತ್ತವೆ. ಇನ್ನು ತಡೆಯಲಾರೆವು ಎನ್ನುವಾಗ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತದೆ. ದೊಡ್ಡದೊಂದು ಬಿಡುವು. ಆಮೇಲೆ ಅವಳು ಮೆಲ್ಲಗೆ ಕೇಳುತ್ತಾಳೆ, "ಎಲ್ಲಿಗ್?" ಗೋದಾಮಿನಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ರೋಮ ನಿಮಿರುತ್ತಿತ್ತು. ಆ ಬಿಡುವಿನಲ್ಲಿ ಕಂಪ್ರೆಸರಿನ ಗುಂಯ್ ಒಂದೇ ಉಳಿದು, ಸಮುದ್ರ ನಿಮ್ಮ ಕಡೆಗೆ ನೋಡಿದ ಹಾಗೆ ಅನಿಸುತ್ತಿತ್ತು.

ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲವಲ್ಲ, ಐಸ್ ಪ್ಲಾಂಟಿಗೂ ರಜೆ, ಗೋದಾಮಿಗೂ ಬೀಗ, ಪ್ರತಿ ವರ್ಷ ಅಭ್ಯಾಸವೂ ನಿಲ್ಲುತ್ತಿತ್ತು. ಆ ರಜೆಯಲ್ಲೇ ಅವರಿಗೆ ಮೊದಲ ವೇದಿಕೆ ಸಿಕ್ಕಿತು, ಬೈಂದೂರಿನ ಕಡೆಯ ಒಂದು ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ. ಫ್ಲೆಕ್ಸಿನ ಮೇಲೆ 'ವೀಣಾ ಮತ್ತು ಬಳಗದವರಿಂದ ರಸಮಂಜರಿ' ಎಂದು ಅಚ್ಚಾಗಿತ್ತು. ಎರಡಾದರೂ ಸಿನಿಮಾ ಹಾಡು ಹಾಕಿ ಎಂದು ಕಾರ್ಯದರ್ಶಿಗಳು ಕೈಮುಗಿದರು. ವೀಣಾಳೂ ಅಷ್ಟೇ ವಿನಯದಿಂದ ಕೈಮುಗಿದು, ಆಗದು ಎಂದಳು. ಇಲ್ಲಿ ಜನ ಕೂತು ಕೇಳಿದರೆ ನಾಲ್ಕು ಕಡೆ ಕರೆಯುತ್ತಾರೆ, ಎದ್ದು ಹೋದರೆ ನಮ್ಮ ಹಾಡು ಗೋದಾಮಿನಲ್ಲೇ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಮೂರು ಸಲ ನೀರು ಕುಡಿದೆ.

ಹೋಯ್ಕ್ ಹೋಯ್ಕ್ ಚೆನ್ನಾಗಿಯೇ ಏರಿತು. ಎಲ್ಲವೂ ನಿಂತಿತು. ಬಿಡುವು ಬಂತು. ಆದರೆ ಆ ಬಿಡುವಿನಲ್ಲಿ ಗುಂಯ್ ಇರಲಿಲ್ಲ. ಬತ್ತಲೆ ನಿಶ್ಶಬ್ದ ಸಭೆಯ ಮುಂದೆ ಬಂದು ನಿಂತಿತು. ಯಾರೋ ಪಾಪ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಕಾದಿದ್ದ ನಿರೂಪಕ ಮೈಕು ಹಿಡಿದು ಬಂದು, "ಸುಶ್ರಾವ್ಯವಾಗಿ ಹಾಡಿದ ತಂಡಕ್ಕೆ ಮಂಡಲದ ಪರವಾಗಿ ಹೃತ್ಪೂರ್ವಕ ವಂದನೆಗಳು" ಎಂದ. ಜನ ಎದ್ದರು. ಗಾಬರಿಯಾದ ಗಣೇಶ ಎಲ್ಲ ಮರೆತು ಡ್ರಮ್ಮಿನ ಮೇಲೆ ಬಿದ್ದು ಬಡಿಯತೊಡಗಿದ.

"ಮುಗೀತಾ?" ನನ್ನ ಮುಂದಿದ್ದ ಹಿರಿಯರು ಕೊಡೆ ಹಿಡಿದುಕೊಂಡೇ ಕೇಳಿದರು.

"ಇಲ್ಲೆ, ಇನ್ನೂ ಇತ್ತಂಬ್ರ್. ಕೂಕಣಿ ಮಾರಾಯ್ರೆ," ಎಂದೆ ನಾನು.

"ಎಂತ ಕೂಕಂಬ್ದ್? ಅವ್ರೇ ಹೋಯ್ಕ್ ಹೋಯ್ಕ್ ಅಂತಿದ್ರಲೆ!"

ಸಭೆ ನಕ್ಕಿತು. ವೀಣಾಳ "ಎಲ್ಲಿಗ್" ಯಾರಿಗೂ ಕೇಳಲೇ ಇಲ್ಲ.

ಮರುದಿನ ಗಣೇಶ ನಮ್ಮ ಜಗಲಿಯಲ್ಲಿ ಕೂತು, ಇನ್ನು ವೇದಿಕೆ ಹತ್ತುವುದಿಲ್ಲ ಎಂದ. ಅವನು ಬೋಟಿನಲ್ಲಿ ದುಡಿಯುವ ಹುಡುಗ, ಗಾಳಿಗೆ ಅಲೆಗೆ ಹೆದರಿದವನಲ್ಲ. "ನಡು ಸಮುದ್ರದಗೆ ಎಂಜಿನ್ ನಿಂತ್ರೆ ಹ್ಯಾಂಗಾತ್ತ್ ಗೊತ್ತಿತ್ತಾ ಮಾಮ? ನಿದ್ರೆಯಗಿದ್ರೂ ಎಲ್ರೂ ಎದ್ಕಂಡ್ ಓಡ್ತ್ರ್. ಅಲ್ಲಿ ಹಾಂಗೇ ಆಯ್ತ್. ಸದ್ದ್ ನಿಂತ ಕೂಡ್ಲೆ ಕೈ ತನ್ನಷ್ಟಕ್ಕೇ ಹೋಯ್ತ್." ಗೋದಾಮಿನಲ್ಲಿ ಆ ಹಾಡು ಎಷ್ಟು ಸಲ ನಿಂತರೂ ಅವನ ಮೈಗೆ ಎಂಜಿನ್ನು ನಿಂತಿರಲಿಲ್ಲ, ಗೋಡೆಯಾಚೆ ಓಡುತ್ತಲೇ ಇತ್ತು. ಅಷ್ಟು ಸಣ್ಣ ಸಂಗತಿ ಈಗ ನಮಗೆ ಹೊಳೆಯಿತು.

ದಿನಕರ ಮಾಷ್ಟ್ರು ಬ್ರಹ್ಮಾವರದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು, ಹಾಗಾಗಿ ಎರಡು ಪರಿಹಾರ ತಂದಿದ್ದರು: ಕಂಪ್ರೆಸರಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ವೇದಿಕೆಯಲ್ಲಿ ಹಾಕುವುದು, ಇಲ್ಲವೇ ಬಿಡುವನ್ನೇ ತೆಗೆದುಬಿಡುವುದು. ವೀಣಾ ಎರಡಕ್ಕೂ ಬೇಡವೆಂದು ತಲೆಯಾಡಿಸಿದಳು. "ಅದ್ ತೆಗ್ದ್ರೆ ಹಾಡ್ ಎಲ್ಲಿತ್ತ್ ಸರ್? ಬರೀ ಓಡುದೇ ಆತ್ತ್." ಆಮೇಲೆ ಗಣೇಶನ ಕಡೆ ತಿರುಗಿ, "ಸಾಸ್ತಾನದಗೆ ಇನ್ನೊಂದ್ ಕರೆ ಇತ್ತ್. ನೀನ್ ಬಪ್ಪುದಿಲ್ಲೆ ಅಂದ್ರೆ ಬೊಬ್ಬೆ ಇವತ್ತಿಗೇ ಮುಗೀತ್. ಬೇರೆಯವ್ರನ್ನ್ ಕೂರ್ಸಿ ನಾ ಬಾರ್ಸುದಿಲ್ಲೆ" ಎಂದಳು. ಆ ಮಾತಿನ ಬೆನ್ನಿಗೇ ಅವಳು ಅವನನ್ನು ಎಬ್ಬಿಸಿಕೊಂಡು ಅಡುಗೆಮನೆಗೆ ನಡೆದದ್ದು, ಪ್ಲಗ್ಗಿಗೆ ಕೈ ಹಾಕಿದ್ದು.

ಹೀಗೆ ಗುಂಯ್ ಇಲ್ಲದ ಬಿಡುವನ್ನು ಅಭ್ಯಾಸ ಮಾಡಲು ನಾವು ಐವರೂ ಕೂತೆವು. ಸುಮ್ಮನೆ ಕೂರುವುದು ಎಂಥ ಕಷ್ಟ ಎಂಬುದು ನನಗೆ ಗೊತ್ತಾದದ್ದು ಆಗ. ಕಾಲು ಅಲ್ಲಾಡಿತು, ಬೆನ್ನು ತುರಿಸಿತು, ಯಾರಿಗಾದರೂ ಏನಾದರೂ ಹೇಳಬೇಕೆಂದು ನಾಲಗೆ ಒಳಗೊಳಗೇ ಹೊರಳಿತು. ನನ್ನ ದೊಡ್ಡಪ್ಪ ನೆನಪಾದರು. ಮುಂಬಯಿಯ ಹೋಟೆಲೊಂದರ ಅಡುಗೆಕೋಣೆಯ ಪಕ್ಕ, ಹೊಗೆ ಎಳೆಯುವ ಫ್ಯಾನಿನ ಕೆಳಗೆ, ಯೌವನವೆಲ್ಲ ಮಲಗಿದ್ದ ಅವರಿಗೆ ಊರಿಗೆ ಮರಳಿದ ಮೇಲೆ ಮಧ್ಯಾಹ್ನದ ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೆ ಒಂದು ಟೇಬಲ್ ಫ್ಯಾನು ತಂದು, ಗಾಳಿ ಬೇಡ ಸದ್ದು ಸಾಕು ಎಂದು ಅದರ ಮುಖವನ್ನು ಗೋಡೆಗೆ ತಿರುಗಿಸಿ ಮಲಗುತ್ತಿದ್ದರು. ತ್ರಾಸಿಯ ಕಡಲ ದಂಡೆಯವರಿಗೆ ಸಮುದ್ರದ ಮೊರೆತ ಕೇಳಿಸುವುದು ಅವರು ಪರವೂರಿನಲ್ಲಿ ಮಲಗಿದ ದಿನ. ನಮ್ಮ ನಮ್ಮ ಬೆನ್ನ ಹಿಂದೆ ಏನೋ ಒಂದು ಗುಂಯ್‌ಗುಡುತ್ತಿರುತ್ತದೆ, ಅದರ ಸ್ಥಿರತೆಯನ್ನು ನಾವು ನಮ್ಮದೇ ಸ್ಥಿರತೆ ಎಂದು ತಿಳಿದಿರುತ್ತೇವೆ. ನನ್ನ ಮಟ್ಟಿಗೆ ಆ ಕಂಪ್ರೆಸರು ನನ್ನ ಬಾಯಿಯೇ ಇರಬೇಕು. ಕತೆ ಹೇಳುವುದನ್ನು ನಾನು ಕಲಿತದ್ದು ಅಜ್ಜಿಯಿಂದ, ಆದರೆ ಅರ್ಧ ಮಾತ್ರ ಕಲಿತೆ. ಹುಲಿ ಬಾಗಿಲಿಗೆ ಬಂದಾಗ ಅವಳು ಕತೆ ನಿಲ್ಲಿಸಿ, ವೀಳ್ಯದೆಲೆಯ ನಾರು ತೆಗೆದು, ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಳ್ಳುವವರೆಗೆ ನಾವು ಮಕ್ಕಳು ಉಸಿರು ಹಿಡಿದಿರುತ್ತಿದ್ದೆವು. ಹುಲಿ ದೊಡ್ಡದಾಗುತ್ತಿದ್ದದ್ದು ಅವಳ ಮಾತಿನಲ್ಲಲ್ಲ, ಆ ಎಲೆಯ ಹೊತ್ತಿನಲ್ಲಿ. ನಾನು ಹುಲಿಯನ್ನು ಕಲಿತು ಎಲೆಯನ್ನು ಬಿಟ್ಟೆ.

ಹೆಂಡತಿಯ ಚೂರಿಯೂ ನಿಂತಿತ್ತು. ಗಣೇಶನ ಬೆರಳುಗಳು ಮೊಣಕಾಲ ಮೇಲೆ ಕುಣಿಯುತ್ತಿದ್ದವು. ಆಮೇಲೆ ಅವನು ತಲೆಯೆತ್ತಿದ.

"ಮಾಮ, ನಿಮ್ಮನಿ ನಲ್ಲಿ ಸೋರ್ತಿತ್ತ್."

ಹೌದು, ಸೋರುತ್ತಿತ್ತು. ಹಂಚಿನ ಮೇಲಿನ ಮಳೆ, ಪಕ್ಕದ ಮನೆಯಲ್ಲಿ ಕಾಯಿ ತುರಿಯುವ ಸದ್ದು, ದೂರದಲ್ಲಿ ಕುಂದಾಪುರದ ಬಸ್ಸಿನ ಹಾರ್ನು. ಗಣೇಶ ಒಂದೊಂದಕ್ಕೂ ಕಿವಿ ತಿರುಗಿಸುತ್ತಿದ್ದ. ಬೆರಳು ಯಾವಾಗ ನಿಂತವೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಮಾಷ್ಟ್ರು ವಾಚು ನೋಡಹೊರಟರೆ ವೀಣಾ ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟಳು. ಆ ವಾರವಿಡೀ ಅವರು ಬಂದರು, ಪ್ಲಗ್ಗು ಕಿತ್ತರು, ಕೂತರು. ಹೆಂಡತಿ ದಿನವೂ ಬೈದಳು, ದಿನವೂ ಚಹಾ ಮಾಡಿಟ್ಟಳು.

ಸಾಸ್ತಾನದ ಆ ಸಭಾಂಗಣ ಹೆದ್ದಾರಿಯ ಬದಿಗೇ ಇತ್ತು. ಹೆಂಡತಿಯೂ ಬಂದಿದ್ದಳು, ಮೊದಲ ಸಲ, ಪಟ್ಟೆಸೀರೆ ಉಟ್ಟು. ಹೋಯ್ಕ್ ಹೋಯ್ಕ್ ಏರಿತು, ನಿಂತಿತು. ನಾನು ಗಣೇಶನ ಕೈಯನ್ನೇ ನೋಡುತ್ತಿದ್ದೆ. ಆಚೆ ಟೋಲಿನ ಹತ್ತಿರ ಒಂದು ಲಾರಿ ಗೇರು ಬದಲಿಸಿತು. ಯಾರೋ ಕೆಮ್ಮಿದರು. ತಡೆಯಲಾರದೆ ನನ್ನ ಎರಡೂ ಅಂಗೈ ಚಪ್ಪಾಳೆಗೆಂದು ಹತ್ತಿರವಾದಾಗ ಹೆಂಡತಿ ಅವನ್ನು ಹಿಡಿದು ತನ್ನ ಮಡಿಲಿಗೆ ಒತ್ತಿಕೊಂಡಳು. ಗಣೇಶ ಲಾರಿ ಹೋದ ದಿಕ್ಕಿಗೆ ಕಿವಿಗೊಟ್ಟು, ಕೋಲುಗಳನ್ನು ತೊಡೆಯ ಮೇಲಿಟ್ಟು, ಕಾಯುತ್ತಿದ್ದ.

"ಎಲ್ಲಿಗ್?" ವೀಣಾ ಕೇಳಿದಳು.

"ಬಾರ್ಕೂರಿಗೆ ಮಾರಾಯ್ತಿ! ಕಡಿ ಬಸ್ ಹೋತ್ತ್!" ಹಿಂದಿನ ಸಾಲಿನಿಂದ ಉತ್ತರ ಬಂತು.

ಸಭೆ ಗೊಳ್ಳೆಂದಿತು. ವೀಣಾಳೂ ನಕ್ಕಳು, ನಗುತ್ತಲೇ ಆ ಮಾತನ್ನು ಎತ್ತಿಕೊಂಡು "ಬಾರ್ಕೂರಿಗೆ" ಎಂದು ಹಾಡಿದಳು, ಗಣೇಶನ ಕೋಲು ಅದಕ್ಕೆ ಸರಿಯಾಗಿ ಇಳಿಯಿತು. ಆ ಕೊನೆಯ ಬಸ್ಸಿಗೆ ಹೋಗಬೇಕಾದವರೂ ಸೇರಿ ಯಾರೂ ಏಳಲಿಲ್ಲ.

ಮಳೆ ಕಡಿಮೆಯಾಯಿತು. ಗಣೇಶ ಕಡಲಿಗೆ ಹೋದ. ಐಸ್ ಪ್ಲಾಂಟು ಮತ್ತೆ ಗುಂಯ್ ಎನ್ನತೊಡಗಿ, ಅವನು ದಡಕ್ಕೆ ಬಂದಾಗಿನ ಅಭ್ಯಾಸ ಗೋದಾಮಿಗೆ ಮರಳಿತು. ಮೊನ್ನೆ ಮಧ್ಯಾಹ್ನ ನಾನು ಪೇಟೆಯಿಂದ ಬಂದಾಗ ಮನೆ ವಿಚಿತ್ರವಾಗಿ ಸುಮ್ಮನಿತ್ತು. ಕರೆಂಟು ಹೋಗಿದೆ ಎಂದುಕೊಂಡರೆ ಚಾವಡಿಯ ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಒಬ್ಬಳೇ ಮಣೆಯ ಮೇಲೆ ಕೂತಿದ್ದಳು, ಪ್ಲಗ್ಗು ನೆಲದ ಮೇಲಿತ್ತು.

"ಎಂತ, ಮೀನ್ ಹಾಳಾತಿಲ್ಯಾ?" ಎಂದು ಕೇಳಿದೆ.

"ಬಾಗ್ಲ್ ತೆಗೀಬೇಡಿ," ಎಂದಳು. "ಕೂಕಣಿ."

ನಾನು ಚೀಲ ಕೆಳಗಿಟ್ಟು ಕೂತೆ. ನಲ್ಲಿ ಇನ್ನೂ ಸೋರುತ್ತಿತ್ತು.